ನಾನು ಬೇಯಿಸದ ಬ್ರೆಡ್ಡು

ದೊಡ್ಡಮ್ಮ,

ಈ ಬೆಳಿಗ್ಗೆ ನಿನ್ನ ಗ್ಯಾಸ್ ಓವನ್ನಿನ ಬಾಗಿಲು ತೆಗೆದಾಗ ಒಳಗೆ ಎರಡು ಬಾಣಲೆ, ಒಂದು ಹಪ್ಪಳದ ಡಬ್ಬಿ, ಹೋದ ದೀಪಾವಳಿಯ ಒಂದು ಹಣತೆ ಇದ್ದವು. ದುರ್ಗಿಗುಡಿಯ ನಮ್ಮ ಅಡುಗೆಮನೆಯಲ್ಲಿ ಅಮ್ಮ ಅದಕ್ಕೆ ಕೊಟ್ಟಿರುವ ಕೆಲಸ ಅದು: ಬೀರು. ಹೋದ ತಿಂಗಳು ಒಳಗೆ ನೋಡದೆಯೇ ಹಚ್ಚಿ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳ ಕರಗಿಸಿದ್ದೆ. "ಬೀರುಗೆ ಬೆಂಕಿ ಇಟ್ಟೋಳು ನೀನೊಬ್ಳೇ ಮಾರಾಯ್ತಿ" ಅಂತ ಅಮ್ಮ ಇಡೀ ದಿನ ಅಂದಳು. ಇವತ್ತು ಒಂದೊಂದನ್ನೇ ಹೊರಗಿಟ್ಟೆ.

ನಾಳೆಗೆ ನೀನು ಹೋಗಿ ಒಂದು ವರ್ಷ. ನಿನಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯಲ್ಲಿ ಬಡಿಸಿ ನಿನ್ನ ಫೋಟೋದ ಮುಂದೆ ಎಡೆ ಇಡಬೇಕು. ಹೋದ ವಾರ ಅವರೆಕಾಯಿ ಬಿಡಿಸುತ್ತ ಅಮ್ಮ ಹೇಳಿದಳು: "ಬದನೆಕಾಯಿ ಗೊಜ್ಜು, ಚಿತ್ರಾನ್ನ ನಾನು ನೋಡ್ಕೋತೀನಿ. ಬ್ರೆಡ್ಡು ನಿಂದು. ಅಕ್ಕ ಕೊನೆಗೆ ರುಚಿ ಅಂತ ತಿಂದಿದ್ದು ಅದೊಂದೇ, ನಿನ್ ಕೈಯಿಂದು." ನಾನು ಹೂಂ ಅಂದೆ. ಆ ಬ್ರೆಡ್ಡಿನ ಬಗ್ಗೆ ನಿನಗೆ ಹೇಳುವುದಿದೆ.

ಭದ್ರಾವತಿ ನ್ಯೂಟೌನಿನ ನಿನ್ನ ಮನೆ ಅಂದರೆ ನನಗೆ ಮೊದಲು ನೆನಪಾಗುವುದು ಕಾಗದದ ಚೂರು. ವರ್ಗವಾಗಿ ಹೋಗುತ್ತಿದ್ದ ಯಾರೋ ಆಫೀಸರ ಮನೆಯಿಂದ ದೊಡ್ಡಪ್ಪ ತಂದ ಓವನ್ ಅದು. ತಿರುಗಿಸುವ ಗುಂಡಿಯ ಮೇಲಿನ ಅಂಕಿಗಳೆಲ್ಲ ಅಳಿಸಿಹೋಗಿದ್ದವು. ನೀನು ನನ್ನ ನೋಟ್‌ಬುಕ್ಕಿನ ಕೊನೆಯ ಹಾಳೆ ಹರಿದು ಓವನ್ನಿನೊಳಗಿನ ಬಿಸಿ ತಟ್ಟೆಯ ಮೇಲಿಡುತ್ತಿದ್ದೆ. ಐದು ನಿಮಿಷಕ್ಕೆ ಚಹಾದ ಬಣ್ಣ ಬಂದರೆ ಬ್ರೆಡ್ಡಿಗೆ ಸರಿ, ಕಾಫಿಪುಡಿಯ ಬಣ್ಣವಾದರೆ ಉರಿ ಇಳಿಸಬೇಕು. ಪಕ್ಕದ ಮನೆಯ ಸೆಲ್ವಿ ಅಕ್ಕ ಕಿಟಕಿಯಲ್ಲಿ ಇಣುಕಿ, "ಏನ್ ಟೀಚರಮ್ಮ, ಇವತ್ತೂ ಪೇಪರ್ರೇ ಬೇಯಿಸ್ತಿದ್ದೀರಾ?" ಅನ್ನುತ್ತಿದ್ದರು. "ಪೇಪರ್ ನಿಂಗೆ, ಬ್ರೆಡ್ಡು ನಮ್ಗೆ. ಬಾ ಒಳಗೆ" ಅಂತ ನೀನು. ಬ್ರೆಡ್ಡು ಹೊರಬಂದ ಮೇಲೆ ಓವನ್ನಿನೊಳಗೆ ಮೇಲ್ಗಡೆ ಇರುವ ಉರಿ ಹಚ್ಚಿ, ಅದರ ಕೆಳಗೆ ಬದನೆಕಾಯಿ ಸುಡುತ್ತಿದ್ದೆ. ಸಿಪ್ಪೆ ಸಿಡಿಯುವ ಸದ್ದಿಗೆ ನಾನು ಹೊಸಿಲಾಚೆ ಹೋಗಿ ನಿಲ್ಲುತ್ತಿದ್ದೆ. ನೀನು ಅದನ್ನು ನೋಡುತ್ತಿದ್ದೆ, ಅಲ್ಲವಾ?

ಆಸ್ಪತ್ರೆಗೆ ಸೇರುವ ಮೊದಲು ನೀನು ಓವನ್ನನ್ನು ಗೂಡ್ಸ್ ಆಟೋದಲ್ಲಿ ನಮ್ಮ ಮನೆಗೆ ಕಳಿಸಿದೆ. "ಅವಳೇ ಹಚ್ಚಲಿ" ಅಂದೆಯಂತೆ. ಆಮೇಲೆ ಪ್ರತಿ ದಿನ ಮಂಚದ ಮೇಲಿಂದ ಒಂದೇ ಪ್ರಶ್ನೆ: "ಹಚ್ಚಿದ್ಯೇನೇ?" ನನ್ನದು ದಿನಕ್ಕೊಂದು ನೆಪ: ನಾಳೆ, ದೊಡ್ಡಮ್ಮ. ಮೈದಾ ತಂದಿಲ್ಲ, ದೊಡ್ಡಮ್ಮ. ನಿಜ ಏನೆಂದರೆ, ತಳದ ತೂತಿಗೆ ಕಡ್ಡಿ ಹಿಡಿದಾಗ ಒಳಗೆಲ್ಲ ಭುಸ್ ಅಂತ ಓಡುವ ಆ ನೀಲಿ ಉರಿ... ತರಗತಿಯಲ್ಲಿ ಹಾಜರಿ ಕೂಗಿದಾಗಲೂ ಮುಂದಿನವರ ಬೆನ್ನ ಹಿಂದೆ ತಲೆ ತಗ್ಗಿಸುತ್ತಿದ್ದವಳು ನಾನು. ಹೆದರಿಕೆ ಅಂತ ನಿನಗೆ ಹೇಳಿದ್ದರೆ ಆಗುತ್ತಿತ್ತು. ಯಾಕೆ ಹೇಳಲಿಲ್ಲ?

ಒಂದು ಮಧ್ಯಾಹ್ನ ಆಸ್ಪತ್ರೆಗೆ ಬರುವ ದಾರಿಯ ಬೇಕರಿಯಲ್ಲಿ ಕೊಯ್ಯದ ಇಡೀ ಬ್ರೆಡ್ಡು ಕೊಂಡೆ. ಬಸ್ ಸ್ಟಾಪಿನ ಹಿಂದೆ ನಿಂತು ಕವರು ಕಿತ್ತು, ಮನೆಯಿಂದ ತಂದ ಬಿಳಿ ಬಟ್ಟೆಯಲ್ಲಿ ಸುತ್ತಿದೆ. ನೋಡು, ಬಟ್ಟೆ ಮನೆಯಿಂದಲೇ ತಂದಿದ್ದೆ. ನೀನು ಅದನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ನಿನ್ನ ಓವನ್ನಿನಲ್ಲಿ ಹಿಂಬದಿ ಯಾವಾಗಲೂ ಹೆಚ್ಚು ಕೆಂಪಾಗುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಇದು ಎಲ್ಲ ಕಡೆಯೂ ಒಂದೇ ಬಣ್ಣ.

"ಬೇಯೋವಾಗ ಮಧ್ಯೆ ಬಾಗಿಲು ತೆಗೆದು ನೋಡ್ಲಿಲ್ಲ ತಾನೆ?" ಅಂತ ನೀನು ಕೇಳಿದೆ.

"ಇಲ್ಲ, ದೊಡ್ಡಮ್ಮ."

"ಒಳ್ಳೇದು" ಅಂತ ಎರಡು ತುಂಡು ತಿಂದೆ. ಹಗಲೂ ರಾತ್ರಿ ನಿನ್ನ ಜೊತೆಗೇ ಇದ್ದ ಅಮ್ಮ ಪಕ್ಕದಲ್ಲಿ ಕಣ್ಣೊರೆಸಿಕೊಂಡಳು. ನಿನಗೆ ತಿಳಿದಿತ್ತಾ? ತಿಳಿದೇ ನುಂಗಿದೆಯಾ? ಆರು ದಿನಕ್ಕೆ ನೀನು... ಆಮೇಲೆ ಕೇಳಲು ಯಾರೂ ಇರಲಿಲ್ಲ. ಅಂದಿನಿಂದ ಅಮ್ಮ ಮನೆಗೆ ಬಂದವರಿಗೆಲ್ಲ ಆ ಬ್ರೆಡ್ಡಿನ ಕತೆ ಹೇಳುತ್ತಾಳೆ. ನಾನು ಎದ್ದು ಒಳಗೆ ಹೋಗುತ್ತೇನೆ. ನಾಚಿಕೆ ಸ್ವಭಾವ ಅಂದುಕೊಳ್ಳುತ್ತಾರೆ.

ಇವತ್ತು ಬೆಳಿಗ್ಗೆ ಬಾಗಿಲು ಪೂರ್ತಿ ತೆರೆದಿಟ್ಟು, ಮುಖ ಹಿಂದೆ ಮಾಡಿ, ಕಡ್ಡಿ ಹಿಡಿದೆ. ಕಾಗದಕ್ಕೆ ಚಹಾದ ಬಣ್ಣ ಬಂತು. ಹಿಟ್ಟಿನ ತಟ್ಟೆ ಒಳಗಿಟ್ಟ ಮೇಲೆ ತಡೆಯಲಾರದೆ ಮೂರು ಸಲ ಬಾಗಿಲು ತೆಗೆದು ನೋಡಿದೆ. ಕೊನೆಗೆ ಬಣ್ಣಕ್ಕೆಂದು ಮೇಲಿನ ಉರಿ ಹಚ್ಚಿ, ತಟ್ಟೆ ಹಿಡಿಯುವ ಬಟ್ಟೆ ಹುಡುಕಲು ತಿರುಗಿದ್ದಷ್ಟೇ, ಬ್ರೆಡ್ಡಿನ ನೆತ್ತಿ ಕಪ್ಪಾಯಿತು. ಹಿಂಬದಿ ಕಂದು, ಮುಂದೆ ಬಿಳುಪು. ಕೊಯ್ದರೆ ನಡುವೆ ಸ್ವಲ್ಪ ಅಂಟು. ಮುಚ್ಚಳ ಕರಗಿದ ದಿನವನ್ನು ಬಿಟ್ಟರೆ ಇದು ನನ್ನ ನಾಲ್ಕನೆಯ ಪ್ರಯತ್ನ, ಇದೇ ಎಲ್ಲಕ್ಕಿಂತ ಉತ್ತಮ.

ಬೇಕರಿ ಎರಡೇ ರಸ್ತೆಯಾಚೆ ಇದೆ. ಬಿಳಿ ಬಟ್ಟೆಯೂ ಒಗೆದು ಮಡಿಸಿದ್ದೇ ಇದೆ. ಒಂದು ಗಳಿಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ, ದೊಡ್ಡಮ್ಮ. ನಿನ್ನ ಎಲೆಗೂ ಅದನ್ನೇ ಇಡುವುದಾ? ಚಪ್ಪಲಿ ಬಿಟ್ಟು ಒಳಗೆ ಬಂದೆ.

ಅಮ್ಮ ಬಾಳೆ ಎಲೆ ತರಲು ಹೋಗಿದ್ದಾಳೆ. ಬಂದು ಕಾಲು ತೊಳೆದು ಕೂತ ಮೇಲೆ ಆಸ್ಪತ್ರೆಯ ಬ್ರೆಡ್ಡು ಎಲ್ಲಿಯದು ಅಂತ ಹೇಳುತ್ತೇನೆ. ಬೈಯಬಹುದು, ಅಳಬಹುದು; ಒಳಗೆ ಎದ್ದು ಹೋಗುವುದಿಲ್ಲ. ನಾಳೆ ನಿನ್ನ ಎಲೆಗೆ ಇವತ್ತಿನದನ್ನೇ ಬಡಿಸುತ್ತೇನೆ. ಕಪ್ಪಾದದ್ದನ್ನು ಕೆರೆಯುವುದಿಲ್ಲ.