ಚಿಪ್ಪಿನ ಚೀಲ, ಟೀ ಕೆಟಲ್

ಮಾರ್ಚ್ ೧೪, ಶನಿವಾರ

ಎರಡು ಸಲ ಸ್ನಾನ ಮಾಡಿದರೂ ಮೂಗಿನಿಂದ ಆ ನಾತ ಹೋಗಿಲ್ಲ.

ಕಾಡಿನ ದಾರಿಯುದ್ದಕ್ಕೂ ಕಾರಿನಲ್ಲಿ ಏನೋ ಕೊಳೆತ ವಾಸನೆ. ಪ್ರಾಣಿಗಳಿವೆ, ಗಾಜು ಇಳಿಸಬೇಡಿ ಎಂಬ ಫಲಕ ಬೇರೆ. "ನಿನ್ನ ಶೂ ಇರ್ಬೇಕು ಕಣೇ" ಅಂದರು ಇವರು. ನಾನು ಪೆದ್ದಿಯ ಹಾಗೆ ಶೂ ಬಿಚ್ಚಿ ಮೂಸಿಯೂ ನೋಡಿದೆ!

ಕೊನೆಗೆ ಸೀಟಿನ ಕೆಳಗೆ ಸಿಕ್ಕಿತು, ಮೊನ್ನೆ ಬಂದರಿನ ಊರಿನ ಕಡಲತೀರದಲ್ಲಿ ಇವರು ಹೆಕ್ಕಿದ ಚಿಪ್ಪುಗಳ ಚೀಲ. ಒಳಗಿದ್ದ ಹುಳುಗಳು ಸತ್ತು, ಕರಗಿ, ಲೋಳೆ ಸೋರುತ್ತಿತ್ತು. ಎಸೆಯಿರಿ ಎಂದರೆ ಕೇಳಿದರೆ ತಾನೇ? ಶೋಕೇಸಿಗೆ ಬೇಕಂತೆ.

ಈಗ ಲಾಡ್ಜಿನ ಕೋಣೆಯಲ್ಲಿ, ಮನೆಯಿಂದ ತಂದ ಕೆಟಲಿನಲ್ಲಿ ಅವನ್ನು ಕುದಿಸುತ್ತಿದ್ದಾರೆ.

"ಥೂ! ಅದು ಟೀ ಕಾಯ್ಸೋದು ಕಣ್ರೀ!"

"ತೊಳೆದ್ರಾಯ್ತು ಬಿಡೇ. ಮೊನ್ನೆ ರಾತ್ರಿನೂ ಒಂದಷ್ಟು ಕುದಿಸಿದ್ದೆ, ನಿಂಗೇನಾದ್ರೂ ಗೊತ್ತಾಯ್ತಾ?"

ಮೊನ್ನೆ ರಾತ್ರಿ!

ನಿನ್ನೆ ಬೆಳಿಗ್ಗೆ, ಮದುವೆಯಾದ ಮೇಲೆ ಮೊದಲ ಸಲ, ಹಾಸಿಗೆಗೇ ಟೀ ತಂದುಕೊಟ್ಟಿದ್ದರು ಮಹಾರಾಯರು. ಬಾಯಿಗೆ ಉಪ್ಪುಪ್ಪು ಹತ್ತಿತ್ತು. ಸಮುದ್ರದ ಪಕ್ಕದ ಊರು, ನೀರೇ ಹೀಗಿರಬೇಕು ಅಂದುಕೊಂಡೆ. ಕಣ್ಣು ತುಂಬಿ ಬಂದಿತ್ತು ನನಗೆ. ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡು, ಥೂ, ಚಪ್ಪರಿಸಿಕೊಂಡು...