ನಾಲಿಗೆ ಎತ್ತಿ ತೋರಿಸಿ

ಜನವರಿ 6, 2025, ಸೋಮವಾರ

ಸುಘೋಷ ಬಿನ್ ಏಕಾಂತಪ್ಪ, ವಯಸ್ಸು ನಲವತ್ತಮೂರು, ವಾಸ ಗೋಪಾಳ, ಶಿವಮೊಗ್ಗ — ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಇಂದು ಬೆಳಿಗ್ಗೆ ಮಹಿಳಾ ಜೈಲಿನೊಳಕ್ಕೆ ಒಂದು ನಿಪ್ಪಟ್ಟನ್ನು ಕಳ್ಳಸಾಗಣೆ ಮಾಡಿದ್ದೇನೆ. ಮೊಬೈಲು, ಪರ್ಸು, ಬೈಕಿನ ಕೀ ಎಲ್ಲ ಗೇಟಿನ ಲಾಕರಿಗೆ ಒಪ್ಪಿಸಿದೆ. ನಿಪ್ಪಟ್ಟು ಮಾತ್ರ ಕನ್ನಡಕದ ಡಬ್ಬಿಯಲ್ಲಿ. ಕೌನ್ಸೆಲಿಂಗ್ ರೂಮಿನ ಬಾಗಿಲು ಹಾಕಿಕೊಂಡು ಅಗಿದೆ. ಹೆಸರಿಗೆ ತಕ್ಕ ಘೋಷ. ಹೊರಗಿನಿಂದ ನರ್ಸ್ ರಶ್ಮಿ ಕೂಗಿದರು — "ಸಾರ್, ನಿಮ್ಮ ಅಪರಾಧ ಸದ್ದು ಮಾಡ್ತಿದೆ!" ಕಾಲು ಭಾಗ ಲಂಚ ಕೊಟ್ಟೆ. ಕೇಸು ಖುಲಾಸೆ.

ಎಂಟೂವರೆಗೆ ಮನೋರೋಗದ ಮಾತ್ರೆಯ ಸಾಲು. ನಾನಿಲ್ಲಿ ಆಪ್ತಸಮಾಲೋಚಕ; ನನ್ನದು ಮಾತು, ಡಾಕ್ಟರದು ಮಾತ್ರೆ. ಒಂದು ಒತ್ತಕ್ಷರದ ವ್ಯತ್ಯಾಸಕ್ಕೆ ಜಗತ್ತು ಕೊಡುವ ಮರ್ಯಾದೆಯೇ ಬೇರೆ. ಹಿಂದೆಲ್ಲ ಈ ಸಾಲು ರಣರಂಗ. ಇಪ್ಪತ್ತಮೂರು ಹೆಂಗಸರು. ನುಂಗಬೇಕು, ನೀರು ಕುಡಿಯಬೇಕು, ನಾಲಿಗೆ ಎತ್ತಿ ತೋರಿಸಬೇಕು, ಕೊನೆಗೆ ಎರಡೂ ಅಂಗೈ. ಖಾಕಿಯವರು ಬಾಯೊಳಗೆ ಇಣುಕಿದರೆ ಯಾರಿಗೆ ಹಿತ? ಉಗಿಯುತ್ತಿದ್ದರು. ದಸರೆಯ ಹೊತ್ತಿಗೆ ನನ್ನ ತಲೆಗೆ ಹೊಳೆಯಿತು — ನೋಡುವವರೂ ಒಳಗಿನವರೇ ಆಗಲಿ. 'ಸಖಿ' ಯೋಜನೆ. ಮೊದಲ ಸಖಿ ಭದ್ರಾವತಿಯ ಬಂಗಾರಮ್ಮ. ತಾವೂ ಹನ್ನೆರಡು ವರ್ಷದಿಂದ ಮಾತ್ರೆ ನುಂಗುವವರೇ. ಟೈಲರಿಂಗ್ ವಿಭಾಗದಲ್ಲಿ ಅವರ ಕೈಗೆ ಸಾಟಿಯಿಲ್ಲ.

ಇಂದಿನ ದೃಶ್ಯ: ಹೊಳಲೂರಿನ ವಿಶಾಲಮ್ಮ ಬಾಯಿ ಬಿಗಿದು ನಿಂತಿದ್ದಾರೆ.

"ನಾಲಿಗೆ ಎತ್ತೇ ಮಾರಾಯ್ತಿ," ಅಂದರು ಬಂಗಾರಮ್ಮ.

"ಎತ್ತಿದ್ನಲ್ಲೇ."

"ಬೈಯೋವಾಗ ಮೊಳ ಉದ್ದ ಬರುತ್ತೆ, ಈಗ ಇಷ್ಟೇನಾ? ಎತ್ತು."

ಸಾಲೆಲ್ಲ ನಗು. ವಿಶಾಲಮ್ಮನೂ ನಕ್ಕರು. ನಕ್ಕ ಬಾಯಲ್ಲಿ ಮಾತ್ರೆ ಇರಲಿಲ್ಲ.

ಮೂರು ತಿಂಗಳಲ್ಲಿ ಒಂದೂ ಮಾತ್ರೆ ತಪ್ಪಿಲ್ಲ. ಶೇಕಡಾ ನೂರು. ಜಂಬ ಅನ್ನಬಹುದು — ಅನ್ನುವವರು ಇಲ್ಲಿ ಯಾರಿದ್ದಾರೆ, ಡೈರಿ ನನ್ನದು.

ಜನವರಿ 10, ಶುಕ್ರವಾರ

ಸನ್ನಡತೆ ಬಿಡುಗಡೆಯ ಪಟ್ಟಿಯಲ್ಲಿ ಬಂಗಾರಮ್ಮನ ಹೆಸರಿದೆ! ಸೂಪರಿಂಟೆಂಡೆಂಟ್ ಜಗದಾಂಬಾ ಮೇಡಂ ಕರೆದು ಹೇಳಿದರು. ಸಮಿತಿ ಫೆಬ್ರವರಿ 28ಕ್ಕೆ. ಎರಡು ಕಾಗದ ಬೇಕು: ಮನಸ್ಸಿನ ಆರೋಗ್ಯದ ಬಗ್ಗೆ ನನ್ನ ವರದಿ, ಮನೆಗೆ ಕರೆದುಕೊಳ್ಳುತ್ತೇವೆಂದು ಕುಟುಂಬದ ಒಪ್ಪಿಗೆ.

ಕುಟುಂಬ ಅಂದರೆ ಒಬ್ಬಳೇ ಮಗಳು. ಪೂಜಿತಾ. ಹದಿಮೂರು ವರ್ಷದ ಹಿಂದೆ, ಹೆರಿಗೆಯಾದ ಮೂರನೇ ತಿಂಗಳು, ತಲೆಯೊಳಗಿನ ದನಿಗಳು ಹೇಳಿದವೆಂದು ಬಂಗಾರಮ್ಮ ಎರಡೂ ಮಕ್ಕಳನ್ನು ಕಟ್ಟಿಕೊಂಡು ಭದ್ರಾ ಚಾನೆಲ್ಲಿಗೆ ಇಳಿದರು. ಜನ ತಾಯಿ, ಪೂಜಿತಾ ಇಬ್ಬರನ್ನು ದಡಕ್ಕೆ ಎಳೆದರು. ಕೂಸು ಸಿಕ್ಕಿದ್ದು ಮಾರನೆಯ ದಿನ. ಇಲ್ಲಿ ಯಾವ ಶ್ಲೇಷೆಯೂ ಹೊಳೆಯುವುದಿಲ್ಲ.

"ಪೂಜಿ ಒಪ್ತಾಳಾ ಸಾರ್?" ಕೇಳಿದರು ಬಂಗಾರಮ್ಮ.

"ನಾನೇ ಹೋಗಿ ಮಾತಾಡ್ತೀನಿ."

"ಬಂದು ನೋಡು ಅನ್ಬೇಡಿ. ಬೇಕಾದ್ರೆ ಬರ್ಲಿ. ಮೊದ್ಲು ಊಟ ಆಯ್ತಾ ಅಂತ ಕೇಳಿ."

ಜನವರಿ 18, ಶನಿವಾರ

ಭದ್ರಾವತಿ. ಪೂಜಿತಾ ಕಾಗದನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಬಸ್‌ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಕೆಲಸ. ಹತ್ತೊಂಬತ್ತು ವರ್ಷ. ಗಂಡುಹುಡುಗರ ಹಾಗೆ ಕತ್ತರಿಸಿದ ಕೂದಲು. ಶಾಪಿನ ಹಿಂದೆ ರಟ್ಟಿನ ಪೆಟ್ಟಿಗೆಗಳ ನಡುವೆ ಮಾತು.

"ಊಟ ಆಯ್ತಾ?" ಕೇಳಿದೆ, ಆಜ್ಞಾನುಸಾರ.

"ಅಮ್ಮಂಗೆ ಯಾವ ಮಾತ್ರೆ ಕೊಡ್ತಿದೀರಾ?"

ಹೆಸರು ಹೇಳಿದೆ. ಎಷ್ಟು ಎಂ.ಜಿ. ಅಂದಳು. ಅದನ್ನೂ ಹೇಳಿದೆ.

"ಇದನ್ನ ನಾಲ್ಕು ಜನ ನಮ್ಮಲ್ಲೇ ತಗೊಳ್ತಾರೆ ಸಾರ್. ಸ್ವಲ್ಪ ಹುಷಾರಾದ್ರೆ ಬರೋದೇ ನಿಲ್ಲಿಸ್ತಾರೆ. ಎರಡು ತಿಂಗಳಾದ್ಮೇಲೆ ಮನೆಯವ್ರು ಅಳ್ತಾ ಬರ್ತಾರೆ. ಅಮ್ಮ ದಿನಾ ತಗೊಳ್ತಾರಾ?"

"ತಗೊಳ್ಳೋದಷ್ಟೇ ಅಲ್ಲಮ್ಮ, ಇಪ್ಪತ್ತೆರಡು ಜನಕ್ಕೆ ತಗೊಳ್ಳೋ ಹಾಗೆ ಮಾಡ್ತಾರೆ."

"ಯಾರು ಗ್ಯಾರಂಟಿ?"

"ನಾನು. ಬೇಕಿದ್ರೆ ಬೆನ್ನ ಮೇಲೆ ಐಎಸ್‌ಐ ಮಾರ್ಕ್ ಇದೆ, ತೋರಿಸ್ಲಾ?"

ನಗಲಿಲ್ಲ. ರಟ್ಟಿನ ಅಂಚು ಸುಲಿಯುತ್ತಾ ಹೇಳಿದಳು — "ಅವತ್ತು ನನ್ನ ಯಾರೋ ಜಡೆ ಹಿಡಿದು ಎಳೆದ್ರಂತೆ. ಅಮ್ಮ ಕೆಟ್ಟೋಳಲ್ಲ ಅಂತ ನಂಗೊತ್ತು ಸಾರ್. ಮಾತ್ರೆ ತಗೊಂಡ್ರೆ ಅಮ್ಮ. ಬಿಟ್ರೆ ಬೇರೆ ಯಾರೋ... ಅವರ ಜೊತೆ ಒಂದೇ ಮನೇಲಿ ನಂಗೆ ಮಲಗಕ್ಕಾಗಲ್ಲ. ನೀವು ಹೇಳ್ತಿದೀರ ಅಂತ ಸೈನ್ ಹಾಕ್ತೀನಿ."

ಹಾಕಿದಳು. ವಾಪಸ್ ಬಸ್ಸಿನಲ್ಲಿ ಕಾಗದವನ್ನು ಮೂರು ಸಲ ತೆಗೆದು ನೋಡಿದೆ.

ಜನವರಿ 20, ಸೋಮವಾರ

ಬಂಗಾರಮ್ಮ ಅಳಲಿಲ್ಲ. "ಎಷ್ಟೆತ್ತರ ಇದ್ದಾಳೆ ಸಾರ್?" ನನ್ನ ಕಿವಿಯ ಹತ್ತಿರ ಕೈ ಇಟ್ಟು ತೋರಿಸಿದೆ. ತೋಳು? ಭುಜ? ಟೈಲರಿಂಗ್ ವಿಭಾಗದ ನಡುವೆ ನನ್ನನ್ನು ನಿಲ್ಲಿಸಿ, ನನ್ನಿಂದ ಇಷ್ಟಿಷ್ಟು ಕಳೆದು, ಮಗಳ ಅಳತೆ ತೆಗೆದರು. ಚೂಡಿದಾರ ಹೊಲಿಯಬೇಕಂತೆ.

"ಸಾರ್‌ಗೂ ಒಂದು ಹೊಲೀರಿ, ಮ್ಯಾಚಿಂಗ್ ದುಪಟ್ಟಾ ಜೊತೆ," ಅಂದರು ವಿಶಾಲಮ್ಮ.

ಟೇಪು ಹಿಡಿದ ಬಂಗಾರಮ್ಮನ ಕೈ ಸಣ್ಣಗೆ ನಡುಗುತ್ತಿತ್ತು. ಖುಷಿಗೆ.

ಫೆಬ್ರವರಿ 12, ಬುಧವಾರ

ಮೂರು ವಾರ ಡೈರಿ ಮುಟ್ಟಲಿಲ್ಲ. ದುರ್ಗಿಗುಡಿಯ ಸಭಾಂಗಣದಲ್ಲಿ ನನ್ನನ್ನು ಜೈಲಿಗೆ ನೇಮಿಸಿದ ಸಂಸ್ಥೆಯ ಕಾರ್ಯಾಗಾರ. 'ಸಖಿ' ಬಗ್ಗೆ ನನ್ನ ಭಾಷಣ, ಹನ್ನೆರಡು ಸ್ಲೈಡು. ಶೇಕಡಾ ನೂರು ಎಂಬ ಸ್ಲೈಡಿಗೆ ಎದ್ದು ಚಪ್ಪಾಳೆ. ಬೇರೆ ಜಿಲ್ಲೆಯವರು ನಂಬರ್ ಇಸಿದುಕೊಂಡರು. ಮಾರ್ಚಿನಲ್ಲಿ ನನ್ನ ಕಾಂಟ್ರಾಕ್ಟ್ ಮುಂದುವರಿಯುವುದು ಗ್ಯಾರಂಟಿ.

ಇಂದು ವಿಶಾಲಮ್ಮ ಕಾರಿಡಾರಿನಲ್ಲಿ ತಡೆದರು. "ಸಾರ್, ಬಂಗಾರಿ ನೀರಿನ ಡ್ರಮ್ಮಿಗೆಲ್ಲ ಗೋಣಿ ಮುಚ್ಚಿ ಕಲ್ಲು ಹೇರ್ತಿದಾಳೆ. ನಲ್ಲಿ ಬಿಟ್ರೆ ಓಡಿ ಬಂದು ನಿಲ್ಲಿಸ್ತಾಳೆ."

"ನೀರು ಉಳಿಸ್ತಿದಾರೆ ಬಿಡಿ, ಮುನಿಸಿಪಾಲಿಟಿ ಸನ್ಮಾನ ಮಾಡುತ್ತೆ."

ನಕ್ಕು ಹೋದರು. ಬಿಡುಗಡೆಯ ಮೊದಲಿನ ಕಳವಳ ಇರಬೇಕು. ಸಹಜ. ಪರೀಕ್ಷೆಯ ಹಿಂದಿನ ದಿನ ನಾನೂ ಊಟ ಬಿಡುತ್ತಿದ್ದೆ. ಬಂಗಾರಮ್ಮನ ಜೊತೆ ಶುಕ್ರವಾರ ಮಾತಾಡಬೇಕು.

(ಶುಕ್ರವಾರ ವರದಿ ಟೈಪ್ ಮಾಡಿದೆ. ಮಾತಾಡಲಿಲ್ಲ.)

ಫೆಬ್ರವರಿ 17, ಸೋಮವಾರ

ಇದನ್ನೂ ಬರೆಯಬೇಕು.

ಬೆಳಿಗ್ಗೆ ಬಂಗಾರಮ್ಮ ನೀರಿನ ತೊಟ್ಟಿಯ ಮುಚ್ಚಳದ ಮೇಲೆ ಕುಳಿತುಬಿಟ್ಟಿದ್ದರು. ಯಾರನ್ನೂ ಹತ್ತಿರ ಬಿಡಲಿಲ್ಲ. ಕೊಡ ತಂದವರಿಗೆ ಹೊಡೆದರು. "ಮುಟ್ಬೇಡ್ರೇ, ಒಳಗೆ ಮಗು ಇದೆ, ಉಸಿರಾಡ್ತಿದೆ." ಅದೇ ಮಾತು, ಒಂದು ಗಂಟೆ. ನಾನು ಹೋದೆ. ನನ್ನ ಮುಖ ನೋಡಿದರು. ಗುರುತು ಸಿಕ್ಕಲಿಲ್ಲ. ರಶ್ಮಿಯೇ ತಬ್ಬಿಕೊಂಡು ಇಳಿಸಿದರು. ಆಂಬುಲೆನ್ಸ್. ಆಸ್ಪತ್ರೆ.

ಮಧ್ಯಾಹ್ನ ಅವರ ಸೀರೆಗಳ ಅಂಚು ಬಿಚ್ಚಿದಾಗ ಮಾತ್ರೆಗಳು. ಸಾಲಾಗಿ, ಒಂದೊಂದಕ್ಕೂ ಬೇರೆ ಹೊಲಿಗೆ. ಇಪ್ಪತ್ತೆಂಟು.

ರಶ್ಮಿ ಕೇಳಿದರು, ಮೆಲ್ಲಗೆ: "ಅವರು ಎಲ್ಲರ ಬಾಯಿ ನೋಡ್ತಿದ್ರು. ಅವರ ಬಾಯಿ ಯಾರು ನೋಡ್ಬೇಕಿತ್ತು ಸಾರ್?"

ಹನ್ನೆರಡು ಸ್ಲೈಡುಗಳಲ್ಲಿ ಅದಕ್ಕೊಂದು ಸ್ಲೈಡಿಲ್ಲ.

ಫೆಬ್ರವರಿ 21, ಶುಕ್ರವಾರ

ಬಂಗಾರಮ್ಮ ಈಗ ಗುರುತು ಹಿಡಿಯುತ್ತಾರೆ. ಡಾಕ್ಟರ್ ಮಾತ್ರೆ ಬದಲಿಸಿದರು, ಕೈ ನಡುಕಕ್ಕೆ ಇನ್ನೊಂದು ಸೇರಿಸಿದರು. ನಡುಕ ಖುಷಿಯದಲ್ಲ, ಮಾತ್ರೆಯದು. ಸೂಜಿಗೆ ದಾರ ಪೋಣಿಸಲಾಗದೆ, ಚೂಡಿದಾರ ಮುಗಿಯುವವರೆಗೆ ಎಂದು ಮಾತ್ರೆ ಬಿಟ್ಟರಂತೆ. "ಮೊದಲೇ ಗೊತ್ತಾಗಿದ್ದರೆ ಹತ್ತು ನಿಮಿಷದ ಕೆಲಸ," ಅಂದರು ಡಾಕ್ಟರ್.

ಜಗದಾಂಬಾ ಮೇಡಂ ಕರೆಸಿದರು.

"ಸಮಿತಿ ಒಂದೇ ಪ್ರಶ್ನೆ ಕೇಳುತ್ತೆ ಸುಘೋಷ್. ಹೇಳದೆ ಬಚ್ಚಿಟ್ಟಿದ್ರೆ ಅದು ಮೋಸ, ಹೆಸರು ತೆಗೀತಾರೆ. ತೊಂದರೆ ಅಂತ ಮೊದಲೇ ಹೇಳ್ಕೊಂಡಿದ್ರೆ ಅದು ಕಾಯಿಲೆ, ಹೆಸರು ಉಳಿಯುತ್ತೆ. ಯಾರಿಗಾದ್ರೂ ಹೇಳಿದ್ರಾ? ಹೇಳಿದ್ರೆ ಏನು ಹೇಳಿದ್ರು ಅಂತ ಅವರ ಮಾತಲ್ಲೇ ಬರ್ಕೊಡ್ಬೇಕು."

"ನನಗಂತೂ ಹೇಳಿಲ್ಲ ಮೇಡಂ. ಕೇಳಿಸಿಕೊಳ್ಳೋದೇ ನನ್ನ ಕಸುಬು. ಎಂಟು ವರ್ಷದಲ್ಲಿ ಇಲ್ಲಿ ಯಾರೊಬ್ಬರ ಮಾತೂ ನಾನು ಕೆಳಗೆ ಬೀಳೋಕೆ ಬಿಟ್ಟಿಲ್ಲ."

ಮೇಡಂ ತಲೆಯಾಡಿಸಿದರು.

ಸಂಜೆ ಪೂಜಿತಾ ಫೋನು. ಯಾರೋ ತಿಳಿಸಿದ್ದಾರೆ. "ಗ್ಯಾರಂಟಿ ಅಂದ್ರಲ್ಲ ಸಾರ್." ಆಮೇಲೆ ಕೇಳಿದಳು — "ನಿಮ್ಗೂ ಹೇಳ್ಲಿಲ್ವಾ ಅಮ್ಮ?"

"ಇಲ್ಲಮ್ಮ."

"ನಿಮ್ಗೇ ಹೇಳ್ಲಿಲ್ಲ ಅಂದ್ರೆ ನಂಗೂ ಹೇಳಲ್ಲ. ಹೇಳಿದ್ರೆ ಏನೋ ಮಾಡ್ಬಹುದಿತ್ತು... ಆ ಪೇಪರ್ ವಾಪಸ್ ಕೊಡಿ ಸಾರ್."

ಫೆಬ್ರವರಿ 24, ಸೋಮವಾರ

ಗುಂಪು ಕೌನ್ಸೆಲಿಂಗಿನ ದಿನ. ವೃತ್ತದಲ್ಲಿ ಹದಿನೆಂಟು ಹೆಂಗಸರು, ಒಂದು ಜಾಗ ಖಾಲಿ. ಬಂಗಾರಮ್ಮ ಯಾಕೆ ಯಾರಿಗೂ ಹೇಳಿಕೊಳ್ಳಲಿಲ್ಲವೋ, ನಿಮ್ಮ ಕಷ್ಟ ನೀವಾದರೂ ಹೇಳಿ ಎಂದು ಪ್ರವಚನ ಶುರು ಮಾಡಿದೆ. ವಿಶಾಲಮ್ಮ ನಡುವೆ ಬಾಯಿ ಹಾಕಿದರು.

"ಹೇಳಿದ್ಲಲ್ಲ ಸಾರ್?"

"ಯಾರಿಗೆ?"

"ನಿಮ್ಗೇ. ಇಲ್ಲೇ. ಈ ತಿಂಗಳ ಮೊದಲ ಸೋಮವಾರ. ಮಾತ್ರೆ ಬಿಟ್ಟಿದೀನಿ ಅಂತ ಏನೋ ಅಂದ್ಲು. ನೀವು ಆ ಜೋಕು ಹೇಳಿದ್ರಲ್ಲ... 'ಸೂಪರ್‌ವೈಸರ್ ಆದ್ಮೇಲೆ ಯಾರಾದ್ರೂ ಸ್ವಂತ ಕೆಲಸ ಮಾಡ್ತಾರಾ ಬಂಗಾರಮ್ಮ? ನಮ್ಮ ಆಫೀಸ್ ನೋಡಿಲ್ವಾ!' ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ವಲ್ಲ ಸಾರ್."

ಇನ್ನೂ ನಾಲ್ಕು ಜನ ಹೌದು ಹೌದು ಅಂದರು. ಮತ್ತೆ ನಕ್ಕರು. ಒಳ್ಳೆಯ ಜೋಕು.

"ಅವರು ಏನಂದ್ರು? ಸರಿಯಾಗಿ?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಿಮ್ಮ ಮಾತೇ ನೆನಪಿರೋದು ಸಾರ್," ಅಂದರು ವಿಶಾಲಮ್ಮ.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಬಂಗಾರಮ್ಮ ಹಾಸಿಗೆಯ ಮೇಲೆ ಕುಳಿತು ಕಿತ್ತಳೆ ಬಿಡಿಸುತ್ತಿದ್ದರು. ಕೈ ನಡುಗುತ್ತಿರಲಿಲ್ಲ.

"ಅವತ್ತು ನನ್ಗೆ ಏನು ಹೇಳಿದ್ರಿ ಬಂಗಾರಮ್ಮ?"

ಸಿಟ್ಟಿರಲಿಲ್ಲ. ಒಂದು ತೊಳೆ ನನ್ನ ಕೈಗಿಟ್ಟರು. "ಒಂದ್ಸಲ ಹೇಳಿದ್ನಲ್ಲ ಸಾರ್," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಫೆಬ್ರವರಿ 25, ಮಂಗಳವಾರ, ಬೆಳಿಗ್ಗೆ 6

ನಾಲ್ಕು ಹಾಳೆ ಹರಿದೆ. ಐದನೆಯದು: 'ಬಂಗಾರಮ್ಮ ಯಾವುದನ್ನೂ ಬಚ್ಚಿಡಲಿಲ್ಲ. ಫೆಬ್ರವರಿ 3ರಂದು ಎಲ್ಲರೆದುರು ನನಗೆ ತಿಳಿಸಿದ್ದರು. ನಾನು ತಮಾಷೆ ಮಾಡಿ ಮುಗಿಸಿದೆ. ಡಾಕ್ಟರಿಗೆ ತಿಳಿಸಲಿಲ್ಲ. ಸಖಿಯ ಬಾಯಿ ನೋಡಲು ಯಾರನ್ನೂ ನೇಮಿಸದವನೂ ನಾನೇ. ನನಗೆ ಹೇಳಿಲ್ಲವೆಂದು 21ರಂದು ತಮ್ಮ ಮುಂದೆ ನುಡಿದದ್ದು ಸುಳ್ಳು.' ಮರೆವಿನಿಂದ ಎಂದು ಮೊದಲು ಸೇರಿಸಿದ್ದೆ. ಹೊಡೆದು ಹಾಕಿದೆ. ಮರೆಯಬೇಕಾದರೆ ಮೊದಲು ಕೇಳಿಸಿಕೊಂಡಿರಬೇಕು.

ಹತ್ತಕ್ಕೆ ಮೇಡಂ ಕೈಗೆ. ಇನ್ನೊಂದು ಪ್ರತಿ ಪೂಜಿತಾಗೆ — ಹನ್ನೊಂದರ ಭದ್ರಾವತಿ ಬಸ್ಸು. ಓದಿ ಹರಿದರೂ ಸರಿ. ಅಮ್ಮ ಹೇಳಿದ್ದಳು ಎಂಬುದು ಅವಳಿಗೆ ಗೊತ್ತಾಗಬೇಕು. ಕಾಂಟ್ರಾಕ್ಟ್ ವಿಷಯ ಆಮೇಲೆ.

ನಡುವೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಅವರ ಮಾತಲ್ಲೇ ಬರೆಯಬೇಕಾದ ಸಾಲು. ಒಂದು ಗಂಟೆಯಿಂದ ಕುಳಿತಿದ್ದೇನೆ. ನನ್ನ ಜೋಕು ಅಕ್ಷರ ಬಿಡದೆ ನೆನಪಿದೆ. ಮೊದಲು ನಕ್ಕವರು ಯಾರೆಂದೂ. ಕೊನೆಗೆ ಬಂಗಾರಮ್ಮನೂ ನಕ್ಕರು, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಅದೂ ನೆನಪಿದೆ. ಅದಕ್ಕೆ ಮೊದಲು ಅವರು ಬಾಯಿ ತೆರೆದು ನನಗೆ ಹೇಳಿದ್ದು