ಬೀದಿಗೆ ಮುಖ ಮಾಡಿದ ನಿಂಬೆ

ಪ್ರೋಖೋರ್,

ಆಸ್ಪತ್ರೆಯಲ್ಲಿ ಅತ್ತೆಯ ಕಣ್ಣಿನ ಪಟ್ಟಿ ಇವತ್ತು ಬಿಚ್ಚುತ್ತಾರಂತೆ. ಕರೆತರಲು ಬೆಳಗಿನ ಬಸ್ಸಿಗೆ ಹೊರಟಿದ್ದೇನೆ, ಸಂಜೆಗೆ ಬರುತ್ತೇವೆ. ಎಲೆಕೋಸಿನ ಸೂಪು ಒಲೆಯ ಮೇಲಿದೆ, ಬಿಸಿ ಮಾಡಿಕೊ.

ಕಿಟಕಿಯ ನಿಂಬೆ ಗಿಡಕ್ಕೆ ಬಕೆಟ್ಟಿನಲ್ಲಿ ಕರಗಿಸಿಟ್ಟ ಹಿಮದ ನೀರನ್ನೇ ಹಾಕು, ತಣ್ಣಗಿದ್ದರೆ ಬೆಚ್ಚಗಾಗುವವರೆಗೆ ಬಿಡು. ಟೀಗೆ ಅಂಗಡಿಯ ನಿಂಬೆ ತಂದಿದ್ದೇನೆ. ಗಿಡದ ಒಂಬತ್ತು ಹಣ್ಣಿಗೆ ಕೈ ಹಾಕಬೇಡ.

ಕುಂಡ ಮಾತ್ರ ತಿರುಗಿಸಬೇಡ ಮಾರಾಯ. ಮನೆಮನೆಯ ಕಿಟಕಿಯಲ್ಲೂ ನಿಂಬೆ ಬೆಳೆಸುವ ನಮ್ಮ ಪಾವ್ಲೊವೊದಲ್ಲಿ ಹುಟ್ಟಿದವನಿಗೆ ಇದನ್ನು ಹೇಳಬೇಕಿಲ್ಲ. ಆದರೆ ನಾನೂ ಇಲ್ಲೇ ಹುಟ್ಟಿದವಳು. ಹೋದ ಚಳಿಗಾಲ ನೆಂಟರಿಗೆ ಹಣ್ಣು ಕಾಣಲಿ ಅಂತ ತಿರುಗಿಸಿದೆ, ವಾರದಲ್ಲಿ ಎಲೆಯೆಲ್ಲ ಉದುರಿತು. ಅಕ್ಕಪಕ್ಕದವರು ಕೇಳಿದರೆ ಅತ್ತೆ, "ಕಣ್ಣು ಕಾಣ್ದೆ ನಾನೇ ತಿರುಗಿಸ್ಬಿಟ್ಟೆ ಕಣ್ರೇ" ಅಂದರು. ಬೋಳು ಕಡ್ಡಿಯನ್ನು ಬೆರಳಲ್ಲೇ ತಡವಿ ತಡವಿ ಚಿಗುರಿಸಿದರು. ಅಂಥ ಕೈ ನನಗೆ ಈ ಜನ್ಮದಲ್ಲಿ ಬರುವುದಿಲ್ಲ.

ಈ ಒಂಬತ್ತನ್ನೂ ಅವರು ಮುಟ್ಟಿದ್ದಾರೆ, ನೋಡಿಲ್ಲ. ಮನೆಯೊಳಗಿನಿಂದ ಬರೀ ಎಲೆ ಕಾಣುತ್ತದೆ, ಹಣ್ಣೆಲ್ಲ ಬೀದಿ ಕಡೆಗಿದೆ. ಅದಕ್ಕೇ ಗಾಜಿನ ಮೇಲಿನ ಹಿಮ ಕೆರೆದು ಒರೆಸಿಡು, ಪರದೆ ಸರಿಸಿ ದೀಪ ಹಾಕಿರು. ಅತ್ತೆಯನ್ನು ಮೊದಲು ಬೀದಿಯಲ್ಲೇ ನಿಲ್ಲಿಸುತ್ತೇನೆ.

ಉಸ್ತಿನ್ಯಾ